ಬೆಳ್ಳಿ ಕತ್ತಿ ಗಿಡ: ಉಳಿಯಿತು ಅಂದುಕೊಂಡಿದ್ದೆ

ಜೀವಶಾಸ್ತ್ರದಲ್ಲಿ 'ಜೀವವೈವಿಧ್ಯ ಮತ್ತು ಸಂರಕ್ಷಣೆ' ಪಾಠ ಮುಗಿದ ವಾರ ಮೇಡಂ ನಮಗೆ ಸೆಮಿನಾರ್ ಇಟ್ಟಿದ್ದರು. ಒಂದು ಸ್ಟೀಲ್ ಡಬ್ಬಿಯ ತುಂಬ ಚೀಟಿಗಳು. ಒಬ್ಬೊಬ್ಬರೂ ಒಂದು ಚೀಟಿ ಎತ್ತಬೇಕು. ಅದರಲ್ಲಿರುವ ಜೀವಿಯ 'ಸಂರಕ್ಷಣಾ ಸ್ಥಿತಿ' ಏನು, ಯಾಕೆ ಎಂದು ಹತ್ತು ನಿಮಿಷ ಮಾತಾಡಬೇಕು. ನನ್ನ ಮುಂದಿನ ಬೆಂಚಿನವಳಿಗೆ ಹುಲಿ ಬಂತು, ಪಕ್ಕದವಳಿಗೆ ಸಿಂಗಳೀಕ. ನನ್ನ ಚೀಟಿಯಲ್ಲಿ ಓದಲು ಕೂಡ ಕಷ್ಟವಾದ ಹೆಸರೊಂದಿತ್ತು: ಆರ್ಜಿರೋಕ್ಸಿಫಿಯಂ ಸ್ಯಾಂಡ್‌ವಿಸೆನ್ಸ್, ಉಪಪ್ರಭೇದ ಮ್ಯಾಕ್ರೋಸೆಫಾಲಂ. ಕೆಳಗೆ ಮೇಡಂ ಕೈಬರಹದಲ್ಲಿ 'ಹವಾಯಿ, ಎತ್ತರದ ಬೆಟ್ಟದ ಗಿಡ' ಎಂದಿತ್ತು. ಚೀಟಿ ಬದಲಿಸಿಕೊಳ್ಳಬಹುದಾ ಎಂದು ಕೇಳಿದೆ. ಆಗುವುದಿಲ್ಲ ಎಂದರು.

ಸೆಮಿನಾರ್ ಚೆನ್ನಾಗಿಯೇ ಆಯಿತು. ಒಂದು ಕಾಲದಲ್ಲಿ 4,000ಕ್ಕೆ ಇಳಿದಿದ್ದ ಗಿಡ 65,000ದವರೆಗೆ ಬೆಳೆದ ಕಥೆ ಹೇಳಿ, "ಮನುಷ್ಯ ಮನಸ್ಸು ಮಾಡಿದರೆ ಯಾವ ಜೀವಿಯನ್ನೂ ಉಳಿಸಬಹುದು" ಎಂದು ಮುಗಿಸಿದೆ. ಚಪ್ಪಾಳೆಯೂ ಬಿತ್ತು. ಆಗ ಹಿಂದಿನ ಸಾಲಿನಲ್ಲಿ ಕೂತು ಕೇಳುತ್ತಿದ್ದ ಭೌತಶಾಸ್ತ್ರದ ಸರ್ ಎದ್ದು, "ಆ 65,000 ಯಾವ ವರ್ಷದ ಲೆಕ್ಕ?" ಎಂದರು. "1991, ಸರ್." "ನೀನು ಹುಟ್ಟಿದ್ದು?" "2007." "ಹಾಗಾದರೆ ನೀನು ಹುಟ್ಟುವ ಮೊದಲಿನ ಸುದ್ದಿ ಹೇಳಿದ್ದೀಯ. ನಿನ್ನ ಕಾಲದಲ್ಲಿ ಆ ಗಿಡ ಹೇಗಿದೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ಎರಡು ವಾರ ಓದಿ ತಿಳಿದುಕೊಂಡಾಗ, ನಾನು ಹೇಳಿದ್ದು ಅರ್ಧ ಕಥೆ ಎಂದು ಗೊತ್ತಾಯಿತು. ಉಳಿದ ಅರ್ಧವನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಒಂದು ಬೆಟ್ಟ, ಒಂದು ಗಿಡ

ಹವಾಯಿ ದ್ವೀಪಗಳು ಪೆಸಿಫಿಕ್ ಸಾಗರದ ನಡುವೆ ಇವೆ. ಹತ್ತಿರದ ಭೂಖಂಡ ಎಂದರೂ ಸುಮಾರು 3,800 ಕಿಲೋಮೀಟರ್ ದೂರ. ಅಲ್ಲಿನ ಮಾವಿ ಎಂಬ ದ್ವೀಪದಲ್ಲಿ ಹಲೆಯಾಕಲಾ ಎಂಬ ಜ್ವಾಲಾಮುಖಿ ಪರ್ವತವಿದೆ. ಎತ್ತರ 3,055 ಮೀಟರ್. ನಮ್ಮ ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್ ಎಂಬುದನ್ನು ನೆನಪಿಟ್ಟುಕೊಂಡರೆ ಅಂದಾಜು ಸಿಗುತ್ತದೆ. ಹಲೆಯಾಕಲಾ ಎಂದರೆ ಅಲ್ಲಿನ ಭಾಷೆಯಲ್ಲಿ 'ಸೂರ್ಯನ ಮನೆ'.

ಈ ಬೆಟ್ಟದ ತುದಿಯ ಕಪ್ಪು, ಕೆಂಪು ಬೂದಿಕಲ್ಲಿನ ಇಳಿಜಾರುಗಳಲ್ಲಿ, ಸುಮಾರು 2,150 ಮೀಟರ್‌ನಿಂದ ಮೇಲೆ, ಬೆಳ್ಳಿ ಬಣ್ಣದ ಚೆಂಡಿನಂಥ ಗಿಡಗಳು ಅಲ್ಲೊಂದು ಇಲ್ಲೊಂದು ಕಾಣುತ್ತವೆ. ಅವೇ ನಮ್ಮ ಗಿಡಗಳು. ಹವಾಯಿಯ ಜನ ಇದನ್ನು 'ಆಹಿನಾಹಿನಾ' ಎನ್ನುತ್ತಾರೆ, ಬೂದು ಬೆಳ್ಳಿ ಬಣ್ಣದ್ದು ಎಂಬ ಅರ್ಥದಲ್ಲಿ. ಇಂಗ್ಲಿಷಿನಲ್ಲಿ 'ಸಿಲ್ವರ್‌ಸೋರ್ಡ್', ಅಂದರೆ ಬೆಳ್ಳಿ ಕತ್ತಿ. ನನ್ನನ್ನು ಹೆದರಿಸಿದ ವೈಜ್ಞಾನಿಕ ಹೆಸರಿಗೂ ಅದೇ ಅರ್ಥ. ಗ್ರೀಕ್ ಭಾಷೆಯಲ್ಲಿ 'ಆರ್ಗಿರೋಸ್' ಎಂದರೆ ಬೆಳ್ಳಿ, 'ಕ್ಸಿಫೋಸ್' ಎಂದರೆ ಕತ್ತಿ. ಎಲೆಗಳು ನಿಜಕ್ಕೂ ಕತ್ತಿಯಂತೆಯೇ ಇವೆ.

ಇದು ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ್ದು. ಕಾಂಡ ಮರದಂತೆ ಗಟ್ಟಿ, ಆದರೆ ತೀರ ಗಿಡ್ಡ. ಎಲೆಗಳೆಲ್ಲ ಒಂದೇ ಕಡೆಯಿಂದ ಸುತ್ತಲೂ ಹೊರಟು ಗುಲಾಬಿಯ ಆಕಾರ ತಾಳುತ್ತವೆ. ಹಾಗಾಗಿ ಸಸ್ಯಶಾಸ್ತ್ರಜ್ಞರು ಇದನ್ನು 'ರೋಸೆಟ್ ಪೊದೆ' ಎನ್ನುತ್ತಾರೆ. ಇಡೀ ಜಗತ್ತಿನಲ್ಲಿ ಈ ಉಪಪ್ರಭೇದ ತಾನಾಗಿ ಬೆಳೆಯುವುದು ಇದೊಂದೇ ಬೆಟ್ಟದ ಮೇಲೆ, ಸುಮಾರು 1,000 ಹೆಕ್ಟೇರ್ ಜಾಗದಲ್ಲಿ. ಸಾವಿರ ಹೆಕ್ಟೇರ್ ಎಂದರೆ ಹತ್ತು ಚದರ ಕಿಲೋಮೀಟರ್. ನಮ್ಮ ಒಂದು ಸಾಧಾರಣ ಹೋಬಳಿಗಿಂತ ಚಿಕ್ಕದು. ಪಾಠದಲ್ಲಿ ನಾವು ಓದುವ 'ಎಂಡೆಮಿಕ್' ಅಥವಾ ಸ್ಥಾನಿಕ ಪ್ರಭೇದ ಎಂಬ ಪದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಸಿಕ್ಕಿಲ್ಲ.

ಅಲ್ಲಿ ಬದುಕುವುದು ಸುಲಭವಲ್ಲ. ಹಗಲು ಸುಡುವ ಬಿಸಿಲು, ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ. ಬೂದಿಕಲ್ಲಿನ ನೆಲದಲ್ಲಿ ನೀರು ನಿಲ್ಲುವುದಿಲ್ಲ. ಇದಕ್ಕೆ ಗಿಡ ಕಂಡುಕೊಂಡ ಉಪಾಯಗಳು ನೋಡಿ. ಎಲೆಯ ಮೇಲೆ ಒತ್ತಾಗಿ ಬೆಳೆದ ಬೆಳ್ಳಿ ರೋಮಗಳು ಬಿಸಿಲನ್ನು ಹಿಂದಕ್ಕೆ ಹೊಡೆಯುತ್ತವೆ, ಗಾಳಿಗೆ ಎಲೆ ಒಣಗದಂತೆ ತಡೆಯುತ್ತವೆ. ಎಲೆಯ ಒಳಗೆ ಜೀವಕೋಶಗಳ ನಡುವೆ ಲೋಳೆಸರದ ಲೋಳೆಯಂಥ ಪದಾರ್ಥವಿದ್ದು, ಅದರಲ್ಲಿ ನೀರು ಸಂಗ್ರಹವಾಗುತ್ತದೆ. ಎಲೆಗಳು ಡಿಶ್ ಆಂಟೆನಾದಂತೆ ಬಾಗಿರುವುದರಿಂದ ಬೆಳಕು ಗಿಡದ ನಡುವಿನ ಎಳೆ ಮೊಗ್ಗಿನ ಕಡೆ ತಿರುಗಿ, ಚಳಿಯಲ್ಲೂ ಅದನ್ನು ಬೆಚ್ಚಗಿಡುತ್ತದೆ.

ಬದುಕಿನಲ್ಲಿ ಒಂದೇ ಸಲ ಹೂ

ಬೆಳ್ಳಿ ಕತ್ತಿ ಗಿಡ 20ರಿಂದ 90 ವರ್ಷ ಬದುಕಬಹುದು. ಅಷ್ಟೂ ವರ್ಷ ನೆಲಕ್ಕೆ ಅಂಟಿಕೊಂಡ ಬೆಳ್ಳಿ ಚೆಂಡಾಗಿಯೇ ಇರುತ್ತದೆ. ಒಂದು ಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ನಡುವಿನಿಂದ ಕಾಂಡವೊಂದು ಎದ್ದು, ಮನುಷ್ಯನ ಎತ್ತರವನ್ನೂ ಮೀರಿ ಬೆಳೆಯಬಹುದು. ಅದರ ತುಂಬ ನೂರಾರು ನೇರಳೆ ಮಿಶ್ರಿತ ಹೂಗೊಂಚಲುಗಳು ಅರಳುತ್ತವೆ. ಬೀಜ ಕಟ್ಟಿದ ಮೇಲೆ ಗಿಡ ಸಾಯುತ್ತದೆ. ಎರಡನೇ ಅವಕಾಶ ಇಲ್ಲ.

ಹೀಗೆ ಒಮ್ಮೆ ಹೂಬಿಟ್ಟು ಸಾಯುವ ಸಸ್ಯಗಳನ್ನು 'ಮೊನೊಕಾರ್ಪಿಕ್' ಎನ್ನುತ್ತೇವೆ. ನಮ್ಮ ಪಶ್ಚಿಮ ಘಟ್ಟದ ನೀಲಕುರಿಂಜಿಯೂ ಹೀಗೆಯೇ, 12 ವರ್ಷಕ್ಕೊಮ್ಮೆ ಹೂಬಿಟ್ಟು ಸಾಯುತ್ತದೆ. ಆದರೆ ಕುರಿಂಜಿ ಗಿಡಗಳೆಲ್ಲ ಮಾತಾಡಿಕೊಂಡಂತೆ ಒಂದೇ ವರ್ಷ ಅರಳುತ್ತವೆ. ಬೆಳ್ಳಿ ಕತ್ತಿಗೆ ಅಂಥ ಖಚಿತ ಲೆಕ್ಕವಿಲ್ಲ. ಹಲೆಯಾಕಲಾದಲ್ಲಿ 1970ರಲ್ಲಿ ಒಂದು ಗಿಡವೂ ಹೂಬಿಡಲಿಲ್ಲ. 1991ರಲ್ಲಿ 6,600ಕ್ಕೂ ಹೆಚ್ಚು ಗಿಡಗಳು ಅರಳಿದವು.

ಇಲ್ಲಿ ಇನ್ನೊಂದು ತೊಡಕಿದೆ. ಈ ಗಿಡ ತನ್ನದೇ ಪರಾಗದಿಂದ ಬೀಜ ಕಟ್ಟುವುದಿಲ್ಲ. ಬೇರೊಂದು ಗಿಡದ ಪರಾಗವೇ ಬೇಕು. ಅಂದರೆ ಸುತ್ತಮುತ್ತ ಅದೇ ವರ್ಷ ಇನ್ನೊಂದು ಗಿಡ ಅರಳಿರಬೇಕು, ಪರಾಗ ಹೊತ್ತು ತರಲು ಕೀಟ ಇರಬೇಕು. ಆ ಕೆಲಸ ಮಾಡುವುದರಲ್ಲಿ ಮುಖ್ಯವಾದವು ಹವಾಯಿಯ ಹಳದಿ ಮುಖದ ಪುಟ್ಟ ಕಾಡು ಜೇನ್ನೊಣಗಳು. ಐವತ್ತು ವರ್ಷ ಕಾದ ಗಿಡ, ಒಬ್ಬಂಟಿಯಾಗಿ ಅರಳಿದರೆ, ಬಹುಪಾಲು ಜೊಳ್ಳು ಬೀಜ ಉದುರಿಸಿ ಸಾಯುತ್ತದೆ. ಆದ್ದರಿಂದ ಈ ಗಿಡಗಳ ಸಂಖ್ಯೆ ಒಂದು ಮಟ್ಟಕ್ಕಿಂತ ಕೆಳಗೆ ಇಳಿದರೆ ಬೀಜವೂ ಕಡಿಮೆಯಾಗುತ್ತದೆ. ಸೆಮಿನಾರ್‌ನಲ್ಲಿ ನಾನು ಇದನ್ನು ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋಗಿದ್ದೆ. ಈಗ ಅನಿಸುತ್ತದೆ, ಈ ಗಿಡದ ಅಪಾಯವೆಲ್ಲ ಇರುವುದೇ ಈ ಒಂದು ವಾಕ್ಯದಲ್ಲಿ.

ಮನುಷ್ಯನ ಕೈ, ಆಡಿನ ಬಾಯಿ

ಹವಾಯಿಯಲ್ಲಿ ಮೂಲತಃ ಆಡು, ಕುರಿ, ದನ ಯಾವುದೂ ಇರಲಿಲ್ಲ. ಗೊರಸುಳ್ಳ ಒಂದು ಪ್ರಾಣಿಯೂ ಅಲ್ಲಿ ಹುಟ್ಟಿದ್ದಲ್ಲ. ಆದ್ದರಿಂದ ಅಲ್ಲಿನ ಅನೇಕ ಗಿಡಗಳಂತೆ ಬೆಳ್ಳಿ ಕತ್ತಿಗೂ ಮುಳ್ಳಿಲ್ಲ. ಹೆಸರು ಮಾತ್ರ ಕತ್ತಿ. 18ನೇ ಶತಮಾನದ ಕೊನೆಯಲ್ಲಿ ಯುರೋಪಿನ ಹಡಗುಗಳು ಆಡು, ಕುರಿ, ದನಗಳನ್ನು ತಂದು ಬಿಟ್ಟವು. ಅವು ಬೆಟ್ಟ ಹತ್ತಿದವು, ಹೆಚ್ಚಿದವು, ಸಿಕ್ಕಿದ್ದೆಲ್ಲ ಮೇಯ್ದವು.

ಆಡಿಗಿಂತ ಬೇಸರ ತರಿಸಿದ್ದು ಮನುಷ್ಯರ ಕಥೆ. 19ನೇ ಶತಮಾನದ ಕೊನೆ ಮತ್ತು 20ನೇ ಶತಮಾನದ ಆರಂಭದಲ್ಲಿ ಬೆಟ್ಟ ಹತ್ತಿದ ಪ್ರವಾಸಿಗರು, ತಾವು ತುದಿ ಮುಟ್ಟಿದ್ದಕ್ಕೆ ಸಾಕ್ಷಿಯಾಗಿ ಒಂದು ಬೆಳ್ಳಿ ಕತ್ತಿಯನ್ನು ಬೇರು ಸಮೇತ ಕಿತ್ತು ತರುತ್ತಿದ್ದರು. ಈಗ ನಾವು ಸೆಲ್ಫಿ ತೆಗೆಯುವ ಹಾಗೆ. ಗುಂಡಗಿರುವ ಗಿಡವನ್ನು ಕಿತ್ತು ಇಳಿಜಾರಿನಲ್ಲಿ ಉರುಳಿಸುವುದು ಒಂದು ಆಟವಾಗಿತ್ತು. ಒಣಗಿಸಿ ಅಲಂಕಾರಕ್ಕೆ ಬಳಸುವುದೂ ಇತ್ತು. ಕಿತ್ತವರಿಗೆ ಆ ಗಿಡದ ವಯಸ್ಸು ತಮ್ಮ ಅಜ್ಜನ ವಯಸ್ಸಿನಷ್ಟಿರಬಹುದು ಎಂದು ಗೊತ್ತಿರಲಿಲ್ಲ. ಅದು ಇನ್ನೂ ಒಮ್ಮೆಯೂ ಹೂಬಿಟ್ಟಿಲ್ಲ ಎಂದಂತೂ ಗೊತ್ತಿರಲಿಲ್ಲ.

1916ರಲ್ಲಿ ಈ ಪ್ರದೇಶ ಹವಾಯಿಯ ರಾಷ್ಟ್ರೀಯ ಉದ್ಯಾನದ ಭಾಗವಾಯಿತು. 1935ರ ಹೊತ್ತಿಗೆ ಉಳಿದಿದ್ದ ಗಿಡಗಳು ಸುಮಾರು 4,000 ಎಂದು ಅಂದಾಜು. ಗಿಡ ಕೀಳುವುದನ್ನು ನಿಲ್ಲಿಸಲಾಯಿತು, ಕಾವಲು ಬಂತು. 1961ರಲ್ಲಿ ಹಲೆಯಾಕಲಾ ಪ್ರತ್ಯೇಕ ರಾಷ್ಟ್ರೀಯ ಉದ್ಯಾನವಾಯಿತು. 1980ರ ದಶಕದಲ್ಲಿ ಬೆಟ್ಟದ ಸುತ್ತ ಬೇಲಿ ಹಾಕಿ, ಒಳಗಿದ್ದ ಆಡುಗಳನ್ನು ಹೊರಹಾಕಿದರು. ಫಲ ಸಿಕ್ಕಿತು. 1991ರಲ್ಲಿ ಗಿಡಗಳ ಸಂಖ್ಯೆ ಸುಮಾರು 65,000.

ಇಲ್ಲಿಗೆ ನನ್ನ ಸೆಮಿನಾರ್ ಮುಗಿದಿತ್ತು.

ಸಂರಕ್ಷಣಾ ಸ್ಥಿತಿ ಎಂದರೆ ಏನು?

ಮುಂದಿನ ಭಾಗಕ್ಕೆ ಹೋಗುವ ಮೊದಲು, ನಮ್ಮಲ್ಲಿ ಅನೇಕರು ಪರೀಕ್ಷೆಯಲ್ಲಿ ಗೊಂದಲ ಮಾಡಿಕೊಳ್ಳುವ ವಿಷಯವೊಂದನ್ನು ಬಿಡಿಸಿ ಹೇಳುತ್ತೇನೆ. ನಾನೂ ಮಾಡಿಕೊಂಡಿದ್ದೆ.

ಒಂದು ಜೀವಿಯ 'ಸ್ಥಿತಿ'ಯನ್ನು ಹೇಳುವ ಪಟ್ಟಿ ಒಂದೇ ಅಲ್ಲ. ನಾವು ಹೆಚ್ಚು ಕೇಳಿರುವುದು ಐಯುಸಿಎನ್ ಸಂಸ್ಥೆಯ ಕೆಂಪು ಪಟ್ಟಿ. ಅದು 1964ರಲ್ಲಿ ಶುರುವಾಯಿತು. ಅದರಲ್ಲಿ 'ಕ್ರಿಟಿಕಲಿ ಎಂಡೇಂಜರ್ಡ್', 'ಎಂಡೇಂಜರ್ಡ್', 'ವಲ್ನರಬಲ್' ಎಂಬ ಮೂರು ಮೆಟ್ಟಿಲುಗಳಿವೆ. ಈ ಮೂರೂ ಸೇರಿ 'ಥ್ರೆಟನ್ಡ್', ಅಂದರೆ ಬೆದರಿಕೆಗೆ ಒಳಗಾದವು. ಯಾವ ಜೀವಿ ಯಾವ ಮೆಟ್ಟಿಲಿನಲ್ಲಿದೆ ಎಂದು ನಿರ್ಧರಿಸಲು ಅಳತೆಗಳಿವೆ. ಉದಾಹರಣೆಗೆ, ಹತ್ತು ವರ್ಷ ಅಥವಾ ಮೂರು ತಲೆಮಾರು, ಇವೆರಡರಲ್ಲಿ ಯಾವುದು ಹೆಚ್ಚೋ ಆ ಅವಧಿಯಲ್ಲಿ ಸಂಖ್ಯೆ ಎಷ್ಟು ಕುಸಿದಿದೆ ಎಂದು ನೋಡುತ್ತಾರೆ. ಎಷ್ಟು ಚದರ ಕಿಲೋಮೀಟರ್ ಜಾಗದಲ್ಲಿದೆ, ಬೆಳೆದ ಗಿಡ ಅಥವಾ ಪ್ರಾಣಿಗಳು ಎಷ್ಟಿವೆ ಎಂಬುದನ್ನೂ ನೋಡುತ್ತಾರೆ.

ಎರಡನೆಯದು ದೇಶಗಳ ಕಾನೂನು. ಅಮೆರಿಕದಲ್ಲಿ 1973ರ ಅಳಿವಿನಂಚಿನ ಜೀವಿಗಳ ಕಾಯ್ದೆ ಇದೆ. ಅದರಲ್ಲಿ ಎರಡೇ ವರ್ಗ. ಅಳಿಯುವ ಅಪಾಯ ಈಗಲೇ ಇರುವುದು 'ಎಂಡೇಂಜರ್ಡ್'. ಹೀಗೇ ಬಿಟ್ಟರೆ ಮುಂದೆ ಆ ಸ್ಥಿತಿಗೆ ಬರಬಹುದಾದದ್ದು 'ಥ್ರೆಟನ್ಡ್'. ಅದೇ ಪದ, ಆದರೆ ಎರಡು ಪಟ್ಟಿಯಲ್ಲಿ ಎರಡು ಅರ್ಥ! ಹಲೆಯಾಕಲಾದ ಬೆಳ್ಳಿ ಕತ್ತಿಯನ್ನು 1992ರಲ್ಲಿ ಅಮೆರಿಕದ ಕಾಯ್ದೆಯಡಿ 'ಥ್ರೆಟನ್ಡ್' ಎಂದು ಸೇರಿಸಲಾಯಿತು.

ಇದನ್ನು ಓದಿದಾಗ ನನಗೆ ವಿಚಿತ್ರ ಅನಿಸಿತ್ತು. 1991ರಲ್ಲಿ 65,000 ಗಿಡ, ಮರುವರ್ಷವೇ ಬೆದರಿಕೆಯ ಪಟ್ಟಿಗೆ ಸೇರ್ಪಡೆ ಯಾಕೆ? ಯೋಚಿಸಿದಾಗ ತಿಳಿಯಿತು. ಸ್ಥಿತಿ ಎಂಬುದು ತಲೆ ಎಣಿಕೆ ಮಾತ್ರವಲ್ಲ. ಇರುವ ಎಲ್ಲ ಗಿಡಗಳೂ ಒಂದೇ ಬೆಟ್ಟದ ತುದಿಯಲ್ಲಿವೆ. ಒಂದು ಹೊಸ ಕೀಟ, ಒಂದು ರೋಗ, ಕೆಲವು ವರ್ಷಗಳ ಬರ ಬಂದರೆ ಎಲ್ಲಕ್ಕೂ ಒಟ್ಟಿಗೇ ಬರುತ್ತದೆ. ಮೊಟ್ಟೆಗಳು ಎಷ್ಟೇ ಇರಲಿ, ಬುಟ್ಟಿ ಒಂದೇ.

1991ರ ನಂತರ ಏನಾಯಿತು?

ಈಗ ಸರ್ ಕೇಳಿದ ಪ್ರಶ್ನೆಗೆ ಬರುತ್ತೇನೆ. 1990ರ ದಶಕದಿಂದ ಗಿಡಗಳು ಮತ್ತೆ ಸಾಯತೊಡಗಿದವು. ಯಾರೂ ಕೀಳುತ್ತಿರಲಿಲ್ಲ. ಬೇಲಿಯೊಳಗೆ ಆಡುಗಳಿರಲಿಲ್ಲ. ಆದರೂ ಸತ್ತವು. ಗಿಡಗಳನ್ನು ಗುರುತಿಟ್ಟು ವರ್ಷವರ್ಷವೂ ಎಣಿಸುತ್ತಿದ್ದ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸುಮಾರು ಎರಡು ದಶಕಗಳಲ್ಲಿ ಶೇಕಡಾ 60ರಷ್ಟು ಗಿಡಗಳು ಕಡಿಮೆಯಾಗಿದ್ದವು. ಹತ್ತರಲ್ಲಿ ಆರು. ಅಂದರೆ ನಾನು ಹುಟ್ಟಿದ ವರ್ಷದಲ್ಲೂ ಆ ಗಿಡಗಳು ಸಾಯುತ್ತಲೇ ಇದ್ದವು, ನಾನು ಶಾಲೆಗೆ ಸೇರಿದ ವರ್ಷದಲ್ಲೂ.

ಕಾರಣ ಹವಾಮಾನ. ಇದನ್ನು ಅರ್ಥ ಮಾಡಿಕೊಳ್ಳಲು ಮತ್ತೆ ಭೌತಶಾಸ್ತ್ರದ ಸರ್ ಹತ್ತಿರವೇ ಹೋದೆ. ಅವರು ಬೋರ್ಡಿನ ಮೇಲೆ ಬೆಟ್ಟವೊಂದನ್ನು ಬರೆದು ವಿವರಿಸಿದ್ದು ಹೀಗೆ. ಸಾಮಾನ್ಯವಾಗಿ ಮೇಲೆ ಹೋದಂತೆ ಗಾಳಿ ತಂಪಾಗುತ್ತದೆ. ಸಮುದ್ರದಿಂದ ಬೀಸುವ ತೇವದ ಗಾಳಿ ಬೆಟ್ಟ ಹತ್ತುತ್ತಾ ತಂಪಾಗಿ ಮೋಡವಾಗುತ್ತದೆ. ಆದರೆ ಹವಾಯಿಯಲ್ಲಿ ಸುಮಾರು 2,000 ಮೀಟರ್‌ಗಿಂತ ಸ್ವಲ್ಪ ಮೇಲೆ, ವರ್ಷದ ಹೆಚ್ಚಿನ ದಿನಗಳಲ್ಲಿ, ಬೆಚ್ಚಗಿನ ಒಣ ಗಾಳಿಯ ಪದರವೊಂದು ಕೂತಿರುತ್ತದೆ. ಕೆಳಗಿನ ತಂಪು ಗಾಳಿ ಅದನ್ನು ದಾಟಿ ಮೇಲೇರಲಾರದು. ಪಾತ್ರೆಯ ಮೇಲೆ ಮುಚ್ಚಳ ಇಟ್ಟ ಹಾಗೆ. ಮೋಡ ಮುಚ್ಚಳದ ಕೆಳಗೆ ನಿಲ್ಲುತ್ತದೆ, ಮೇಲೆ ಒಣ ಬಿಸಿಲು. ಇದಕ್ಕೆ 'ವ್ಯಾಪಾರ ಮಾರುತದ ತಾಪ ವಿಲೋಮ' ಎಂದು ಹೆಸರು.

ಬೆಳ್ಳಿ ಕತ್ತಿ ಬದುಕುವುದು ಈ ಮುಚ್ಚಳದ ಅಂಚಿನಲ್ಲಿ ಮತ್ತು ಅದರ ಮೇಲೆ. ಮುಚ್ಚಳ ತೆರೆದುಕೊಂಡ ದಿನಗಳಲ್ಲಿ ಮೇಲೇರುವ ಮೋಡ ಮತ್ತು ಮಳೆಯೇ ಅದಕ್ಕೆ ಆಧಾರ. 1990ರ ಆಸುಪಾಸಿನಿಂದ ಮುಚ್ಚಳ ಮುಚ್ಚಿರುವ ದಿನಗಳು ಹೆಚ್ಚಾಗಿವೆ. ಬೆಟ್ಟದ ತುದಿಗೆ ಮಳೆ ಕಡಿಮೆಯಾಗಿದೆ, ಬಿಸಿಲು ಜಾಸ್ತಿಯಾಗಿದೆ. ನೂರು ವರ್ಷ ಬರವನ್ನು ತಡೆದುಕೊಂಡೇ ಬಂದ ಗಿಡ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಬೆಳೆದ ಗಿಡ ತಡೆದುಕೊಳ್ಳುವುದನ್ನು ಎಳೆ ಸಸಿ ತಡೆದುಕೊಳ್ಳಲಾರದು. ಸಸಿಗಳು ಬದುಕದಿದ್ದರೆ ಮುಂದಿನ ತಲೆಮಾರೇ ಇಲ್ಲ.

ಹೆಚ್ಚು ಗಿಡಗಳು ಸತ್ತಿದ್ದು ಇಳಿಜಾರಿನ ಕೆಳಭಾಗದಲ್ಲಿ. "ಹಾಗಾದರೆ ಗಿಡ ನಿಧಾನವಾಗಿ ಮೇಲಕ್ಕೆ ಹೋಗಬಹುದಲ್ಲ?" ಎಂದು ಗೆಳತಿಯೊಬ್ಬಳು ಕೇಳಿದಳು. ಬಿಸಿ ಹೆಚ್ಚಾದಾಗ ಬೇರೆ ಬೆಟ್ಟಗಳಲ್ಲಿ ಕೆಲವು ಸಸ್ಯಗಳು ಹಾಗೆ ಮೇಲೇರುತ್ತವೆ ನಿಜ. ಆದರೆ ಈ ಗಿಡ ಆಗಲೇ ತುದಿಯಲ್ಲಿದೆ. ಅದರ ಮೇಲೆ ಬೆಟ್ಟವಿಲ್ಲ, ಆಕಾಶ ಮಾತ್ರ ಇದೆ.

ನಮ್ಮ ಪಠ್ಯಪುಸ್ತಕದಲ್ಲಿ ಜೀವವೈವಿಧ್ಯ ನಾಶಕ್ಕೆ ನಾಲ್ಕು ಮುಖ್ಯ ಕಾರಣ ಕೊಟ್ಟು 'ದುಷ್ಟ ಚತುಷ್ಟಯ' ಎಂಬ ಅರ್ಥದ ಹೆಸರಿಟ್ಟಿದ್ದಾರೆ: ವಾಸಸ್ಥಾನದ ನಾಶ, ಅತಿಯಾದ ಬಳಕೆ, ಹೊರಗಿನ ಪ್ರಭೇದಗಳ ದಾಳಿ, ಸಹ ಅಳಿವು. ಬೆಳ್ಳಿ ಕತ್ತಿಯ ಕಥೆಯಲ್ಲಿ ಇವನ್ನು ಹುಡುಕಿ ನೋಡಿ. ಕಿತ್ತು ಒಯ್ದ ಪ್ರವಾಸಿಗರು ಅತಿಯಾದ ಬಳಕೆಗೆ ಉದಾಹರಣೆ. ಆಡು ಹೊರಗಿನ ಪ್ರಭೇದ. ಇನ್ನೊಂದು ಹೊರಗಿನ ಪ್ರಭೇದ ಅರ್ಜೆಂಟೀನಾ ಇರುವೆ. 1960ರ ದಶಕದಲ್ಲಿ ಇದು ಹಲೆಯಾಕಲಾದಲ್ಲಿ ಕಾಣಿಸಿಕೊಂಡಿತು. ನೆಲದಲ್ಲಿ ಗೂಡು ಮಾಡುವ ಆ ಹಳದಿ ಮುಖದ ಜೇನ್ನೊಣಗಳಿಗೆ ಈ ಇರುವೆ ಶತ್ರು. ಜೇನ್ನೊಣ ಹೋದರೆ ಪರಾಗ ತರುವವರಿಲ್ಲ, ಗಿಡವೂ ಹೋಗುತ್ತದೆ. ಇದೇ ಸಹ ಅಳಿವು. ಇದೇ ಕುಲದ ಏಳು ಹವಾಯಿ ಜೇನ್ನೊಣ ಪ್ರಭೇದಗಳನ್ನು 2016ರಲ್ಲಿ ಅಮೆರಿಕದ ಕಾಯ್ದೆಯಡಿ 'ಎಂಡೇಂಜರ್ಡ್' ಎಂದು ಘೋಷಿಸಿದರು.

ಆದರೆ ಈಗ ಗಿಡಗಳನ್ನು ಕೊಲ್ಲುತ್ತಿರುವ ಹವಾಮಾನ ಬದಲಾವಣೆ ಆ ನಾಲ್ಕರ ಪಟ್ಟಿಯಲ್ಲಿ ಹೆಸರು ಹಿಡಿದು ಇಲ್ಲ. ಅದು ಐದನೆಯದು. ಆಡನ್ನು ಬೇಲಿ ತಡೆಯಿತು, ಮನುಷ್ಯನನ್ನು ಕಾನೂನು ತಡೆಯಿತು. ಒಣಗಾಳಿಗೆ ಬೇಲಿ ಹಾಕುವುದು ಹೇಗೆ?

ಪಕ್ಕದ ದ್ವೀಪದ ಪಾಠ

ಬೆಳ್ಳಿ ಕತ್ತಿಗೆ ಒಬ್ಬ ಸಹೋದರನಿದ್ದಾನೆ. ಪಕ್ಕದ ಹವಾಯಿ ದ್ವೀಪದಲ್ಲಿ 4,205 ಮೀಟರ್ ಎತ್ತರದ ಮೌನಾ ಕೆಯಾ ಪರ್ವತದಲ್ಲಿ ಇನ್ನೊಂದು ಉಪಪ್ರಭೇದವಿದೆ. ಒಂದು ಕಾಲದಲ್ಲಿ ಆ ಬೆಟ್ಟದಲ್ಲಿ ಅದು ಧಾರಾಳವಾಗಿತ್ತು. ಕಾಡು ಕುರಿಗಳು ತಿಂದು ತಿಂದು, 20ನೇ ಶತಮಾನದ ಎರಡನೇ ಭಾಗದಲ್ಲಿ ಪ್ರಾಣಿಗಳು ತಲುಪಲಾಗದ ಕಡಿದಾದ ಬಂಡೆಗಳಲ್ಲಿ ಬೆರಳೆಣಿಕೆಯ ಗಿಡಗಳಷ್ಟೇ ಉಳಿದವು. 1986ರಲ್ಲಿ ಅದನ್ನು 'ಎಂಡೇಂಜರ್ಡ್' ಎಂದು ಘೋಷಿಸಿದರು.

1970ರ ದಶಕದಿಂದ ಅದನ್ನು ಮತ್ತೆ ಬೆಳೆಸಲು ಪ್ರಯತ್ನ ನಡೆಯಿತು. ನೂರಾರು ಸಸಿ ನೆಟ್ಟರು. ಎಣಿಕೆ ಏರಿತು. ಆದರೆ ಆಮೇಲೆ ವಂಶವಾಹಿಗಳನ್ನು ಪರೀಕ್ಷಿಸಿದಾಗ ಬಯಲಾದ ಸಂಗತಿ ಬೇರೆ. ನೆಟ್ಟ ಗಿಡಗಳೆಲ್ಲ ಎರಡೇ ತಾಯಿಗಿಡಗಳ ಸಂತಾನ. ನೂರಾರು ಗಿಡ ಇದ್ದರೂ ವೈವಿಧ್ಯ ಎರಡು ಕುಟುಂಬದ್ದು. ತೀರ ಹತ್ತಿರದ ಸಂಬಂಧಿಗಳ ಪರಾಗವನ್ನು ಹೂ ತಿರಸ್ಕರಿಸುವ ಗಿಡದಲ್ಲಿ ಇದು ದೊಡ್ಡ ತೊಂದರೆ. ಆಮೇಲೆ ಸಂಶೋಧಕರು ಬಂಡೆಗಳನ್ನು ಹತ್ತಿ, ಉಳಿದ ಕಾಡು ಗಿಡಗಳಿಂದ ಪರಾಗ ತಂದು, ನೆಟ್ಟ ಗಿಡಗಳ ಹೂಗಳಿಗೆ ಕೈಯಿಂದ ಸೋಕಿಸಿದರು. ಜೇನ್ನೊಣದ ಕೆಲಸವನ್ನು ಮನುಷ್ಯ ಮಾಡಬೇಕಾಯಿತು.

ವಿಕಾಸದ ಪಾಠದಲ್ಲಿ ಡಾರ್ವಿನ್‌ನ ಫಿಂಚ್ ಹಕ್ಕಿಗಳ ಬಗ್ಗೆ ಓದಿದ್ದೇವಲ್ಲ, ಸಸ್ಯಗಳಲ್ಲಿ ಅದಕ್ಕೆ ಸಾಟಿಯಾದ ಉದಾಹರಣೆ ಈ ಬೆಳ್ಳಿ ಕತ್ತಿಗಳ ಬಳಗ. ಸುಮಾರು 50 ಲಕ್ಷ ವರ್ಷಗಳ ಹಿಂದೆ ಕ್ಯಾಲಿಫೋರ್ನಿಯಾದ ಟಾರ್‌ವೀಡ್ ಎಂಬ ಗಿಡಗಳ ಕಡೆಯಿಂದ ಬಂದ ಒಂದು ಪೂರ್ವಜ ಹವಾಯಿ ತಲುಪಿತು. ಅದರಿಂದ ಇಂದು ಸುಮಾರು 30 ಪ್ರಭೇದಗಳಾಗಿವೆ. ಕೆಲವು ಮರ, ಕೆಲವು ಬಳ್ಳಿ, ಕೆಲವು ಪೊದೆ, ಕೆಲವು ನೆಲಕ್ಕಂಟಿದ ಮೆತ್ತೆ. ಹೊಂದಾಣಿಕೆಯ ವಿಸರಣದ ಪಾಠ ಓದಲು ಫಿಂಚ್‌ಗಳ ಜೊತೆ ಇವನ್ನೂ ಬರೆಯಬಹುದು. ಇಂಥ ಒಂದು ಗಿಡ ಹೋದರೆ ಇಷ್ಟು ಉದ್ದದ ಕಥೆಯ ಒಂದು ಕವಲೇ ಮುಗಿಯುತ್ತದೆ.

ಈಗ ಏನು ಮಾಡುತ್ತಿದ್ದಾರೆ?

ಕೈ ಕಟ್ಟಿ ಕೂತಿಲ್ಲ. ಬೇಲಿಯನ್ನು ಕಾಯುತ್ತಿದ್ದಾರೆ. ಬೀಜ ಸಂಗ್ರಹಿಸಿ ಸಸಿ ಬೆಳೆಸಿ ಬೆಟ್ಟದ ಬೇರೆ ಬೇರೆ ಎತ್ತರದಲ್ಲಿ ನೆಟ್ಟು, ಯಾವುದು ಎಲ್ಲಿ ಬದುಕುತ್ತದೆ ಎಂದು ನೋಡುತ್ತಿದ್ದಾರೆ. ಇರುವೆ ಹರಡುವುದನ್ನು ತಡೆಯುವ ಪ್ರಯತ್ನವಿದೆ. ಪ್ರವಾಸಿಗರಿಗೆ ಒಂದು ಸರಳ ಸೂಚನೆಯಿದೆ: ಗಿಡದ ಹತ್ತಿರ ಹೋಗಬೇಡಿ, ದಾರಿಯಲ್ಲೇ ನಡೆಯಿರಿ. ಮುಟ್ಟದಿದ್ದರೆ ಸಾಲದೇ ಎಂದು ನನಗನಿಸಿತ್ತು. ಸಾಲದು. ಇದರ ಬೇರುಗಳು ಸಡಿಲ ಬೂದಿಕಲ್ಲಿನ ಕೆಳಗೆ ಮೇಲ್ಮೈಯಲ್ಲೇ ಸುತ್ತಲೂ ಹರಡಿರುತ್ತವೆ. ಫೋಟೋಗಾಗಿ ಹತ್ತಿರ ಹೋಗಿ ನಿಂತರೆ ಕಾಲಡಿಯ ಬೇರುಗಳು ನುಜ್ಜಾಗುತ್ತವೆ. ಕೀಳದೆಯೂ ಗಿಡವನ್ನು ಕೊಲ್ಲಬಹುದು.

ಇವೆಲ್ಲ ಬೇಕಾದ ಕೆಲಸಗಳೇ. ಆದರೆ ಇವು ಸಮಯ ಗಳಿಸಿಕೊಡುತ್ತವೆ, ಅಷ್ಟೇ. ಮೂಲ ಕಾರಣ ಆ ಬೆಟ್ಟದ ಮೇಲೆ ಇಲ್ಲ. ಅದು ಜಗತ್ತಿನ ಎಲ್ಲ ಊರುಗಳ ಹೊಗೆಯಲ್ಲಿ ಹಂಚಿಹೋಗಿದೆ.

ನಾನು ತಿದ್ದಿಕೊಂಡಿದ್ದು

1935ರಲ್ಲಿ 4,000 ಗಿಡ ಇದ್ದವು. ಈಗ ಅದಕ್ಕಿಂತ ಹೆಚ್ಚಿವೆ. ಹಾಗಾದರೆ ಪರಿಸ್ಥಿತಿ ಈಗ ಉತ್ತಮವೇ? ಮೊದಲಿನ ನಾನಾಗಿದ್ದರೆ ಹೌದು ಎನ್ನುತ್ತಿದ್ದೆ. ಆದರೆ ಅಂದು ಕಾರಣ ಕಣ್ಣಿಗೆ ಕಾಣುತ್ತಿತ್ತು, ಕೈಗೆ ಸಿಗುತ್ತಿತ್ತು. ಅದನ್ನು ನಿಲ್ಲಿಸಿದ ಮೇಲೆ ಸಂಖ್ಯೆ ಏರುವ ದಾರಿಯಲ್ಲಿತ್ತು. ಇಂದು ಸಂಖ್ಯೆ ಹೆಚ್ಚಿದ್ದರೂ ಅಧ್ಯಯನಗಳು ತೋರಿಸಿದ್ದು ಇಳಿಯುವ ದಾರಿ. ಜ್ವರ ನೋಡುವಾಗ ನಾವು ಎಷ್ಟಿದೆ ಎಂದಷ್ಟೇ ಕೇಳುವುದಿಲ್ಲ, ಏರುತ್ತಿದೆಯಾ ಇಳಿಯುತ್ತಿದೆಯಾ ಎಂದೂ ಕೇಳುತ್ತೇವೆ. ಸಂರಕ್ಷಣಾ ಸ್ಥಿತಿಯೂ ಥರ್ಮಾಮೀಟರಿನ ಹಾಗೆ. ಅದು ಒಂದು ದಿನದ ಓದು, ಶಾಶ್ವತ ಪ್ರಮಾಣಪತ್ರ ಅಲ್ಲ.

ಆದ್ದರಿಂದ ಇನ್ನು ಮುಂದೆ ಯಾವ ಜೀವಿಯ ಸ್ಥಿತಿ ಓದಿದರೂ ನಾನು ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ನೀವೂ ನಿಮ್ಮ ನೋಟ್ಸಿನ ಅಂಚಿನಲ್ಲಿ ಬರೆದುಕೊಳ್ಳಿ.

ಒಂದು: ಯಾವ ಪಟ್ಟಿಯ ಪ್ರಕಾರ?
ಎರಡು: ಯಾವ ವರ್ಷದ ಲೆಕ್ಕ?
ಮೂರು: ಸಂಖ್ಯೆ ಯಾವ ಕಡೆಗೆ ಹೋಗುತ್ತಿದೆ, ಯಾವ ಕಾರಣಕ್ಕೆ?

ಈ ಪ್ರಶ್ನೆಗಳು ಹವಾಯಿಗೆ ಮಾತ್ರ ಅಲ್ಲ. ಮೇಲೆ ಹೇಳಿದ ನಮ್ಮ ನೀಲಕುರಿಂಜಿಯನ್ನು 2024ರಲ್ಲಿ ಐಯುಸಿಎನ್ ಕೆಂಪು ಪಟ್ಟಿಯಲ್ಲಿ 'ವಲ್ನರಬಲ್' ಎಂದು ಗುರುತಿಸಿದ್ದಾರೆ. ಪಟ್ಟಿ ಯಾವುದು, ವರ್ಷ ಯಾವುದು ಎಂಬ ಎರಡು ಪ್ರಶ್ನೆಗೆ ಉತ್ತರ ಸಿಕ್ಕಿತು. ಮೂರನೆಯದರ ಉತ್ತರವೂ ಸುಖದ್ದಲ್ಲ. ಅದು ಬೆಳೆಯುವ ಎತ್ತರದ ಶೋಲಾ ಹುಲ್ಲುಗಾವಲುಗಳು ಚಹಾ ತೋಟ, ನೀಲಗಿರಿ ಮತ್ತು ಅಕೇಶಿಯಾ ನೆಡುತೋಪು, ಕಟ್ಟಡಗಳಿಗೆ ಜಾಗ ಬಿಟ್ಟುಕೊಡುತ್ತಾ ಬಂದಿವೆ. ಅರಳಿದ ವರ್ಷ ಹೂ ಕಿತ್ತು ಕೈಯಲ್ಲಿ ಹಿಡಿದು ಫೋಟೋ ತೆಗೆಸಿಕೊಳ್ಳುವವರೂ ಇದ್ದಾರೆ. ನೂರು ವರ್ಷದ ಹಿಂದೆ ಹಲೆಯಾಕಲಾದಿಂದ ಬೆಳ್ಳಿ ಕತ್ತಿ ಕಿತ್ತು ತಂದವರ ಹಾಗೆಯೇ. ಬೀಜ ಕಟ್ಟುವ ಮೊದಲು ಕಿತ್ತ ಕುರಿಂಜಿ ಹೂವಿನ ನಷ್ಟವನ್ನು ಆ ಗಿಡ ಮುಂದಿನ ವರ್ಷ ತುಂಬಿಕೊಳ್ಳಲಾರದು. ಅದಕ್ಕೆ ಮುಂದಿನ ವರ್ಷವೇ ಇಲ್ಲ.

ಸರ್‌ಗೆ ಈ ಲೇಖನದ ಕರಡು ತೋರಿಸಿದೆ. ಓದಿ, "ಈಗ ಇದಕ್ಕೂ ಒಂದು ತಾರೀಖು ಹಾಕು, ಹತ್ತು ವರ್ಷ ಬಿಟ್ಟು ಓದುವವರಿಗೆ ಗೊತ್ತಾಗಲಿ" ಎಂದರು. ಅವರು ಹೇಳಿದ್ದು ಸರಿ. ಇದು ಈ ವರ್ಷದ ಲೆಕ್ಕ. ಮುಂದಿನ ವರ್ಷ ದ್ವಿತೀಯ ಪಿಯುಸಿಗೆ ಬರುವವರಲ್ಲಿ ಯಾರಿಗಾದರೂ ಆ ಸ್ಟೀಲ್ ಡಬ್ಬಿಯಿಂದ ಇದೇ ಚೀಟಿ ಬಂದರೆ, ದಯವಿಟ್ಟು ಬದಲಿಸಿಕೊಳ್ಳಬೇಡಿ. ನಾನು ನಿಲ್ಲಿಸಿದ ಕಡೆಯಿಂದ ಮುಂದಿನ ಸುದ್ದಿ ಹುಡುಕಿ ಹೇಳಿ. ಹಿಂದಿನ ಸಾಲಿನಲ್ಲಿ ಕೂತು ಕೇಳಲು ಸಾಧ್ಯವಾದರೆ ನಾನೂ ಬರುತ್ತೇನೆ.